ಜಲಪರೀಕ್ಷಾಧಿಕಾರದ ಹುಟ್ಟು ಮತ್ತು ಬೆಳವಣಿಗೆ

೧

ಕನ್ನಡನಾಡಿನ ಹಳ್ಳಿಗಳಲ್ಲಿ ಕೆರೆಯ ನೀರಿಗೆ ಒಬ್ಬ ಕಾವಲುಗಾರನು ಬಹುಕಾಲದಿಂದ ಇದ್ದಾನೆ. ಆತನಿಗೆ ನೀರುಗಂಟಿಯೆಂದು ಹೆಸರು. ತೂಬನ್ನು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕೆಂಬುದನ್ನು ನೋಡಿಕೊಳ್ಳುವುದು ಇವು ಆತನ ಕೆಲಸಗಳು. ನೀರಿನ ಪ್ರಮಾಣಕ್ಕೆ ಆತನು ಹೊಣೆಗಾರನೇ ಹೊರತು ಅದರ ಗುಣಕ್ಕಲ್ಲ. ಗುಣದ ವಿಚಾರವು ಮನೆಯ ಹೆಂಗಸರಿಗೆ ಸೇರಿದುದಾಗಿತ್ತು. ನೀರು ತಿಳಿಯಾಗಿದೆಯೆ, ವಾಸನೆಯಿಲ್ಲದಿದೆಯೆ, ಅದರಲ್ಲಿ ಬೇಳೆ ಬೇಯುವುದೆ ಎಂಬ ಪರೀಕ್ಷೆಗಳಿಂದ ಅವರು ಸಿಹಿನೀರ ಬಾವಿಯನ್ನು ಉಪ್ಪುನೀರ ಬಾವಿಯಿಂದ ಬೇರ್ಪಡಿಸುತ್ತಿದ್ದರು. ಬಟ್ಟೆಯಲ್ಲಿ ಸೋಸಿ ಕೊಡವನ್ನು ತುಂಬುತ್ತಿದ್ದರು. ಕಣ್ಣು, ಮೂಗು, ನಾಲಗೆ ಇವು ಎಷ್ಟನ್ನು ತಿಳಿಯಬಲ್ಲವೋ ಅಷ್ಟರ ಮಟ್ಟಿಗೆ ಈ ಪರೀಕ್ಷೆಗಳು ಸರಿಯಾದವುಗಳೇ.

ಆದರೆ ವಾಂತಿಭೇದಿಯನ್ನೂ ವಿಷಮಶೀತಜ್ವರವನ್ನೂ ತರುವ ನೀರು ತಿಳಿಯಾಗಿರಬಹುದು, ತಂಪಾಗಿರಬಹುದು, ರುಚಿಯಾಗಿಯೂ ಇರಬಹುದು. ಇಂದ್ರಿಯಗಳಿಗೆ ಗೋಚರವಾಗದ ಈ ಕೇಡನ್ನು ಕಂಡುಹಿಡಿಯುವುದಕ್ಕಾಗಿಯೇ ಸಂಬಳಕೊಟ್ಟು ಒಬ್ಬ ಅಧಿಕಾರಿಯನ್ನು ನೇಮಿಸುವ ಪದ್ಧತಿಯು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ರೂಪುಗೊಂಡಿತು. ಈ ಅಧಿಕಾರದ ಚರಿತ್ರೆಯನ್ನು ಪರಿಶೀಲಿಸಿದರೆ ಅದರಲ್ಲಿ ಎರಡು ಪ್ರಶ್ನೆಗಳು ಮೊದಲಿನಿಂದ ಕೊನೆಯವರೆಗೆ ಹೆಣೆದುಕೊಂಡಿರುವುದು ಕಂಡುಬರುತ್ತದೆ. ಕಾಣದ ಕೇಡನ್ನು ಯಾವ ಗುರುತಿನಿಂದ ತಿಳಿಯಬೇಕು ಎಂಬುದು ಮೊದಲನೆಯದು. ತಿಳಿದವನು ಯಾರಿಗೆ ಹೇಳಬೇಕು, ಹೇಳಿದರೆ ಯಾರು ಕೇಳಬೇಕು ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಗೆ ವಿಜ್ಞಾನವು ಸುಮಾರು ಅರುವತ್ತು ವರ್ಷಗಳಲ್ಲಿ ಉತ್ತರವನ್ನು ಕೊಟ್ಟಿತು. ಎರಡನೆಯದು ವಿಜ್ಞಾನದ ಪ್ರಶ್ನೆಯಲ್ಲವಾದುದರಿಂದ, ಅದಕ್ಕೆ ಉತ್ತರವು ಅಷ್ಟು ಸುಲಭವಾಗಿ ದೊರೆಯಲಿಲ್ಲ.

೨

೧೮೪೭ನೆಯ ಇಸವಿಯಲ್ಲಿ ಲಿವರ್‌ಪೂಲ್ ಪಟ್ಟಣವು ವಿಲಿಯಂ ಹೆನ್ರಿ ಡಂಕನ್ ಎಂಬ ವೈದ್ಯನನ್ನು ಆರೋಗ್ಯಾಧಿಕಾರಿಯನ್ನಾಗಿ ನೇಮಿಸಿಕೊಂಡಿತು. ಇಂಗ್ಲೆಂಡಿನಲ್ಲಿ ಈ ಪದವಿಯನ್ನು ಪಡೆದವರಲ್ಲಿ ಈತನೇ ಮೊದಲಿಗನು. ಮರುವರ್ಷ ಲಂಡನ್ನಿನ ಹಳೆಯ ನಗರಭಾಗಕ್ಕೆ ಜಾನ್ ಸೈಮನ್ ಎಂಬಾತನು ಇದೇ ಪದವಿಗೆ ಬಂದನು. ಆರೋಗ್ಯಾಧಿಕಾರಿಯ ಕೈಕೆಳಗೆ ಬೀದಿಬೀದಿಗಳನ್ನು ಸುತ್ತುವವನು ‘ನ್ಯೂಸೆನ್ಸ್ ಇನ್‌ಸ್ಪೆಕ್ಟರ್’ ಎಂಬ ಉಪದ್ರವಪರೀಕ್ಷಕನು. ೧೮೫೫ರ ಶಾಸನಗಳಿಂದ ಈ ಪರೀಕ್ಷಕನನ್ನು ನೇಮಿಸಿಕೊಳ್ಳುವುದು ಸ್ಥಳೀಯ ಸಂಸ್ಥೆಗಳ ಕರ್ತವ್ಯವಾಯಿತು.

ಈ ಪರೀಕ್ಷಕನು ಮೊದಮೊದಲು ನೀರಿನ ವಿಚಾರದಲ್ಲಿ ಪಂಡಿತನಾಗಿರಲಿಲ್ಲ. ತುಂಬಿ ಹರಿಯುವ ಕಕ್ಕಸುಗುಂಡಿ, ಕಟ್ಟಿದ ಮೋರಿ, ಮನೆಯ ನಡುವಿನ ಹಂದಿಗೂಡು, ಸತ್ತ ಪ್ರಾಣಿ ಇವುಗಳನ್ನು ಹುಡುಕಿ ಬರೆದುಕೊಳ್ಳುವುದೇ ಆತನ ನಿತ್ಯಕರ್ಮವಾಗಿತ್ತು. ದುರ್ಗಂಧದಿಂದಲೇ ರೋಗವು ಹರಡುವುದೆಂಬ ನಂಬಿಕೆಯು ಆಗ ಪ್ರಬಲವಾಗಿದ್ದುದರಿಂದ ಪರೀಕ್ಷಕನ ಮುಖ್ಯವಾದ ಉಪಕರಣವು ಆತನ ಮೂಗೇ ಆಗಿತ್ತು. ವಾಸನೆಯಿಲ್ಲದ ಬಾವಿಯ ಕಡೆಗೆ ಆತನು ತಿರುಗಿ ನೋಡುವುದಕ್ಕೆ ಕಾರಣವೇ ಇರಲಿಲ್ಲ.

೩

ಈ ಸ್ಥಿತಿಯನ್ನು ಬದಲಾಯಿಸಿದವನು ಅಧಿಕಾರಿಯಲ್ಲ, ಖಾಸಗಿಯಾಗಿ ವೈದ್ಯವೃತ್ತಿಯನ್ನು ನಡೆಸುತ್ತಿದ್ದ ಜಾನ್ ಸ್ನೋ. ೧೮೫೪ರ ಆಗಸ್ಟ್ ೩೧ರಂದು ಲಂಡನ್ನಿನ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಸುತ್ತಮುತ್ತ ವಾಂತಿಭೇದಿಯು ಹಠಾತ್ತಾಗಿ ತಲೆದೋರಿತು. ಅದಕ್ಕೆ ಬಲಿಯಾದವರು ೬೧೬ ಮಂದಿ. ಸತ್ತವರ ಮನೆಗಳನ್ನು ಒಂದೊಂದಾಗಿ ವಿಚಾರಿಸಿದಾಗ ಹೆಚ್ಚಿನವರು ಆ ಬೀದಿಯ ಕೈಪಂಪಿನ ಬಾವಿಯ ನೀರನ್ನು ಕುಡಿದವರೆಂದು ಸ್ನೋವಿಗೆ ತಿಳಿದುಬಂದಿತು. ಸೆಪ್ಟೆಂಬರ್ ೭ರಂದು ಆತನು ಸ್ಥಳೀಯ ಮಂಡಲಿಯ ಮುಂದೆ ಹೋಗಿ ತನ್ನ ಅಭಿಪ್ರಾಯವನ್ನು ತಿಳಿಸಿದನು. ಮರುದಿನ ಪಂಪಿನ ಹಿಡಿಯನ್ನು ಕಳಚಲಾಯಿತು. ಆ ವೇಳೆಗೆ ರೋಗವು ಇಳಿಮುಖವಾಗಿತ್ತೆಂಬುದನ್ನು ಸ್ನೋ ತಾನೇ ಒಪ್ಪಿಕೊಂಡಿದ್ದಾನೆ.

ಈ ಕಥೆಯು ಪ್ರಸಿದ್ಧವಾದುದು. ಆದರೆ ನೀರಿನ ಪರೀಕ್ಷಕನಿಗೆ ಹೆಚ್ಚಿನ ಪಾಠವು ಅದರ ಉತ್ತರಭಾಗದಲ್ಲಿದೆ. ಹಿಡಿಯನ್ನು ಕಳಚಿದ ಬಳಿಕ ಬಾವಿಯನ್ನು ತೆರೆದು ನೋಡಿದವರಿಗೆ ಅದರ ಇಟ್ಟಿಗೆಯ ಗೋಡೆಯಲ್ಲಿ ಯಾವ ಬಿರುಕೂ ಕಾಣಿಸಲಿಲ್ಲ. ಬಾವಿಯು ನಿರ್ದೋಷವೆಂದು ಹೇಳುವುದಕ್ಕೆ ಅಷ್ಟು ಸಾಕಾಗಿತ್ತು. ಆದರೆ ಆ ಪ್ರದೇಶದ ಪಾದ್ರಿಯಾದ ಹೆನ್ರಿ ವೈಟ್‌ಹೆಡ್ ಎಂಬಾತನು, ಸ್ನೋವಿನ ಮತವನ್ನು ಅಲ್ಲಗಳೆಯುವ ಉದ್ದೇಶದಿಂದಲೇ ಮನೆಮನೆಯ ವಿಚಾರಣೆಯನ್ನು ಪ್ರಾರಂಭಿಸಿದವನು, ೧೮೫೫ರಲ್ಲಿ ಒಂದು ಸಂಗತಿಯನ್ನು ಕಂಡುಕೊಂಡನು. ಬಾವಿಗೆ ಹತ್ತಿರವೇ ಇದ್ದ ೪೦ನೆಯ ನಂಬರಿನ ಮನೆಯಲ್ಲಿ ಎಲ್ಲರಿಗಿಂತ ಮೊದಲು ಒಂದು ಹಸುಗೂಸು ಭೇದಿಗೆ ತುತ್ತಾಗಿ, ಆ ಬಳಿಕ ಸತ್ತಿತ್ತು. ಅದರ ಬಟ್ಟೆಗಳನ್ನು ಒಗೆದ ನೀರನ್ನು ತಾಯಿಯು ಮನೆಯ ಮುಂಭಾಗದ ಗುಂಡಿಗೆ ಚೆಲ್ಲುತ್ತಿದ್ದಳು. ಈ ಸುಳಿವನ್ನು ಹಿಡಿದು ಮತ್ತೊಮ್ಮೆ ಅಗೆದು ನೋಡಿದಾಗ ಗುಂಡಿಯ ಗೋಡೆಯು ಶಿಥಿಲವಾಗಿ, ಅದರ ಕೊಳೆಯು ಮೂರು ಅಡಿಗಿಂತ ಕಡಮೆ ದೂರದಲ್ಲಿದ್ದ ಬಾವಿಗೆ ಒಸರುತ್ತಿದ್ದುದು ಸ್ಪಷ್ಟವಾಯಿತು. ಮೊದಲನೆಯ ಸಲ ನೋಡಿದವರು ಬಾವಿಯನ್ನು ಮಾತ್ರ ನೋಡಿದರು. ಎರಡನೆಯ ಸಲ ನೋಡಿದವರು ಬಾವಿಯ ನೆರೆಯನ್ನು ನೋಡಿದರು. ನೀರನ್ನು ಪರೀಕ್ಷಿಸುವುದೆಂದರೆ ನೀರು ಬರುವ ದಾರಿಯನ್ನು ಪರೀಕ್ಷಿಸುವುದೆಂಬ ಸೂತ್ರವು ಇಲ್ಲಿಂದಲೇ ಹೊರಡುತ್ತದೆ.

ಅದೇ ವರ್ಷ ಸ್ನೋ ಮಾಡಿದ ಇನ್ನೊಂದು ಕಾರ್ಯವು ರಸಾಯನಪರೀಕ್ಷೆಗೆ ಸಂಬಂಧಪಟ್ಟುದು. ದಕ್ಷಿಣ ಲಂಡನ್ನಿನ ಅನೇಕ ಬೀದಿಗಳಲ್ಲಿ ಎರಡು ಕಂಪೆನಿಗಳ ಕೊಳವೆಗಳು ಒತ್ತಾಗಿ ಹಾದುಹೋಗಿದ್ದುವು. ಲ್ಯಾಂಬೆತ್ ಕಂಪೆನಿಯು ೧೮೫೨ರಲ್ಲಿ ತನ್ನ ನೀರೆತ್ತುವ ಸ್ಥಳವನ್ನು ಪಟ್ಟಣದ ಮೇಲ್ಭಾಗದ ಥೇಮ್ಸ್ ಡಿಟನ್ನಿಗೆ ಒಯ್ದಿತ್ತು. ಸದರ್ಕ್ ಮತ್ತು ವಾಕ್ಸ್‌ಹಾಲ್ ಕಂಪೆನಿಯು ಪಟ್ಟಣದ ಹೊಲಸು ಬೆರೆತ, ಸಮುದ್ರದ ಉಬ್ಬರವು ತಲಪುವ ಬ್ಯಾಟರ್ಸೀ ಎಂಬಲ್ಲಿಂದಲೇ ನೀರನ್ನೆತ್ತುತ್ತಿತ್ತು. ಯಾವ ಮನೆಗೆ ಯಾವ ಕಂಪೆನಿಯ ನೀರು ಬರುತ್ತಿದೆಯೆಂಬುದು ಬಾಡಿಗೆದಾರರಿಗೇ ತಿಳಿಯದು. ಆಗ ಸ್ನೋ ಒಂದೊಂದು ಮನೆಯ ನೀರನ್ನೂ ಸಣ್ಣ ಸೀಸೆಯಲ್ಲಿ ತಂದು ಅದಕ್ಕೆ ಸಿಲ್ವರ್ ನೈಟ್ರೇಟಿನ ದ್ರವವನ್ನು ಬೆರೆಸಿದನು. ಉಪ್ಪಿರುವ ನೀರು ಈ ದ್ರವದಿಂದ ಬೆಳ್ಳಗೆ ಕದಡುತ್ತದೆ. ಥೇಮ್ಸ್ ಡಿಟನ್ನಿನ ನೀರಿನಲ್ಲಿ ಗ್ಯಾಲನ್ನಿಗೆ ೦.೯೫ ಗ್ರೇನ್ ಉಪ್ಪು. ಬ್ಯಾಟರ್ಸೀ ನೀರಿನಲ್ಲಿ ೩೭.೯ ಗ್ರೇನ್. ಹೀಗೆ ಮನೆಗಳನ್ನು ಬೇರ್ಪಡಿಸಿ ಮರಣಗಳನ್ನು ಲೆಕ್ಕಹಾಕಿದಾಗ, ರೋಗದ ಮೊದಲನೆಯ ಏಳು ವಾರಗಳಲ್ಲಿ ಹತ್ತುಸಾವಿರ ಮನೆಗಳಿಗೆ ಲ್ಯಾಂಬೆತ್ ನೀರಿನವರಲ್ಲಿ ೩೭ ಮರಣಗಳೂ, ಸದರ್ಕ್ ನೀರಿನವರಲ್ಲಿ ೩೧೫ ಮರಣಗಳೂ ಆಗಿದ್ದುವು. ಉಪ್ಪು ಯಾರನ್ನೂ ಕೊಲ್ಲಲಿಲ್ಲ; ಆದರೆ ಕೊಲ್ಲುವುದು ಯಾವ ದಾರಿಯಲ್ಲಿ ಬಂದಿತೆಂಬುದನ್ನು ಅದು ತೋರಿಸಿತು. ಕೇಡನ್ನು ನೇರವಾಗಿ ಕಾಣಲಾಗದಾಗ ಅದರ ಸಂಗಾತಿಯನ್ನು ಕಂಡುಹಿಡಿಯಬೇಕೆಂಬ ಈ ಉಪಾಯವೇ ಮುಂದಿನ ಜಲಪರೀಕ್ಷೆಗೆಲ್ಲ ತಳಹದಿಯಾಯಿತು.

೪

೧೮೫೨ರ ಶಾಸನವು ಲಂಡನ್ನಿನ ಕಂಪೆನಿಗಳು ನೀರನ್ನು ಸೋಸಿಯೇ ಒದಗಿಸಬೇಕೆಂದು ವಿಧಿಸಿತ್ತು. ಮರಳಿನ ಮೂಲಕ ನೀರನ್ನು ಸೋಸುವ ದೊಡ್ಡ ಹಾಸುಗಳನ್ನು ಜೇಮ್ಸ್ ಸಿಂಪ್ಸನ್ ಎಂಬ ಎಂಜಿನಿಯರು ೧೮೨೯ರಲ್ಲಿಯೇ ಚೆಲ್ಸಿಯಲ್ಲಿ ನಿರ್ಮಿಸಿ ತೋರಿಸಿದ್ದನು. ಆದರೆ ವಿಧಿಯು ನಡೆಯುತ್ತಿದೆಯೆ ಎಂದು ನೋಡುವವರು ಯಾರು? ೧೮೬೬ರಲ್ಲಿ ಪೂರ್ವ ಲಂಡನ್ನಿನಲ್ಲಿ ವಾಂತಿಭೇದಿಯು ಮತ್ತೆ ಎದ್ದು, ಪಟ್ಟಣದಲ್ಲಿ ಐದು ಸಾವಿರಕ್ಕೆ ಮೀರಿದ ಜನರನ್ನು ಬಲಿ ತೆಗೆದುಕೊಂಡಿತು. ಮರಣದ ಅಂಕಿಗಳನ್ನು ನೋಡುತ್ತಿದ್ದ ವಿಲಿಯಂ ಫಾರ್ ಎಂಬಾತನ ಸಂಶಯವು ಪೂರ್ವ ಲಂಡನ್ನಿಗೆ ನೀರೊದಗಿಸುವ ಕಂಪೆನಿಯ ಮೇಲೆ ಬಿದ್ದಿತು. ಸೋಸದ ನೀರಿನ ಒಂದು ಹನಿಯನ್ನೂ ಒದಗಿಸಿಲ್ಲವೆಂದು ಕಂಪೆನಿಯ ಎಂಜಿನಿಯರು ವೃತ್ತಪತ್ರಿಕೆಗೆ ಬರೆದನು. ಆದರೆ ಆ ಕಂಪೆನಿಯ ಕೊಳಾಯಿಗಳಲ್ಲಿ ಹಾವುಮೀನುಗಳು ಸಿಕ್ಕಿದ್ದುವೆಂದು ನಿವಾಸಿಗಳು ಸಾಕ್ಷ್ಯ ನುಡಿದರು. ಮರಳಿನ ಹಾಸಿನ ಮೂಲಕ ಹಾವುಮೀನು ಬರಲಾರದು. ಓಲ್ಡ್ ಫೋರ್ಡಿನಲ್ಲಿದ್ದ ತೆರೆದ ಕೊಳಗಳ ನೀರನ್ನು ಬಳಸಲಾಗಿತ್ತೆಂಬುದು ಕೊನೆಗೆ ಹೊರಬಿದ್ದಿತು.

ನೀರನ್ನು ಮಾರುವವನೇ ನೀರಿಗೆ ಸಾಕ್ಷಿಯಾಗಿರಬಾರದೆಂಬುದು ಈ ಅನುಭವದಿಂದ ವ್ಯಕ್ತವಾಯಿತು. ೧೮೭೧ರ ಶಾಸನವು ಲಂಡನ್ನಿಗೆ ‘ಜಲಪರೀಕ್ಷಕ’ನೆಂಬ ಪ್ರತ್ಯೇಕ ಅಧಿಕಾರಿಯನ್ನು ಸೃಷ್ಟಿಸಿತು. ಫ್ರಾನ್ಸಿಸ್ ಬೋಲ್ಟನ್ ಎಂಬ ಸೈನ್ಯಾಧಿಕಾರಿಯು ಈ ಪದವಿಗೆ ಮೊದಲು ಬಂದು ೧೮೮೭ರಲ್ಲಿ ತೀರಿಕೊಳ್ಳುವವರೆಗೂ ಅದರಲ್ಲಿದ್ದನು. ಹಾಸುಗಳ ಮರಳು ಎಷ್ಟು ದಪ್ಪವಾಗಿದೆ, ನೀರು ಯಾವ ವೇಗದಲ್ಲಿ ಇಳಿಯುತ್ತಿದೆ, ಕಂಪೆನಿಗಳ ಕೊಳಗಳ ಸ್ಥಿತಿಯೇನು ಎಂಬುದನ್ನು ನೋಡಿ ತಿಂಗಳು ತಿಂಗಳಿಗೂ ವರದಿಯನ್ನು ಒಪ್ಪಿಸುವುದು ಆತನ ಕೆಲಸವಾಗಿತ್ತು. ಈತನು ಸರ್ಕಾರದ ಅಧಿಕಾರಿಯೇ ಹೊರತು ಪುರಸಭೆಯವನಲ್ಲ. ಪುರಸಭೆಗಳ ಪರೀಕ್ಷಕರಿಗೆ ಬಲವು ಬಂದುದು ೧೮೭೫ರ ಸಾರ್ವಜನಿಕ ಆರೋಗ್ಯ ಶಾಸನದಿಂದ. ಅದರ ೭೦ನೆಯ ಪ್ರಕರಣದ ಪ್ರಕಾರ, ಕೆಟ್ಟ ನೀರಿನ ಬಾವಿಯನ್ನಾಗಲಿ ಪಂಪನ್ನಾಗಲಿ ಮುಚ್ಚಿಸಬೇಕಾದರೆ ಸ್ಥಳೀಯ ಸಂಸ್ಥೆಯು ನ್ಯಾಯಸ್ಥಾನಕ್ಕೆ ಅರ್ಜಿ ಕೊಡಬೇಕು. ನ್ಯಾಯಾಧೀಶನು ನೀರನ್ನು ಪರೀಕ್ಷೆಗೆ ಕಳುಹಿಸಿ, ತೃಪ್ತಿಯಾದರೆ ಅಪ್ಪಣೆ ಮಾಡಬಹುದು.

ಬಾವಿಯನ್ನು ಮುಚ್ಚಿಸುವ ಕೆಲಸವು ಜನಪ್ರಿಯವಾಗಿರಲಿಲ್ಲವೆಂದು ಹೇಳಬೇಕಾದುದಿಲ್ಲ. ಹೊಲಸು ಇಂಗುವ ನೆಲದ ಬಾವಿಗಳ ನೀರು ಹಲವೆಡೆ ತಂಪಾಗಿಯೂ ಹೊಳೆಯುವಂತೆಯೂ ಇದ್ದುದರಿಂದ, ದೂರದಿಂದಲೂ ಜನರು ಬಂದು ಒಯ್ಯುತ್ತಿದ್ದರು. ಬ್ರಾಡ್ ಸ್ಟ್ರೀಟಿನ ನೀರಿನ ರುಚಿಯನ್ನು ಮೆಚ್ಚಿದ್ದ ಒಬ್ಬ ವಿಧವೆಯು, ಹ್ಯಾಂಪ್‌ಸ್ಟೆಡ್ಡಿಗೆ ಮನೆ ಬದಲಾಯಿಸಿದ ಮೇಲೂ ಅದನ್ನೇ ತರಿಸಿ ಕುಡಿದು ಸತ್ತಿದ್ದಳು. ಬಡವರ ಬೀದಿಯಲ್ಲಿ ಬಾವಿಯನ್ನು ಮುಚ್ಚಿದರೆ ಅವರಿಗೆ ಬೇರೆ ನೀರೆಲ್ಲಿಯದು ಎಂಬ ಪ್ರಶ್ನೆಯೂ ಪರೀಕ್ಷಕನ ಎದುರಿಗಿತ್ತು. ಮುಚ್ಚುವ ಅಧಿಕಾರವು ಕೊಡುವ ಹೊಣೆಯೊಡನೆ ಸೇರದಿದ್ದರೆ ಅದು ಅರ್ಧ ಅಧಿಕಾರವೇ ಸರಿ.

೫

ಈ ನಡುವೆ ಮೊದಲನೆಯ ಪ್ರಶ್ನೆಯನ್ನು ಕುರಿತು ರಸಾಯನಶಾಸ್ತ್ರಜ್ಞರಲ್ಲಿ ವಿವಾದವು ನಡೆದಿತ್ತು. ನೀರಿನಲ್ಲಿರುವ ಸಾವಯವ ಪದಾರ್ಥವನ್ನು ಅಮೋನಿಯದ ಮೂಲಕ ಅಳೆಯುವ ವಿಧಾನವನ್ನು ವ್ಯಾಂಕ್ಲಿನ್ ಮತ್ತು ಆತನ ಜೊತೆಗಾರರು ೧೮೬೭ರಲ್ಲಿ ಹೊರಗೆಡಹಿದರು. ಎಡ್ವರ್ಡ್ ಫ್ರ್ಯಾಂಕ್‌ಲೆಂಡನು ನೈಟ್ರೇಟುಗಳ ಮೊತ್ತದಿಂದ ನೀರಿನ ಪೂರ್ವಚರಿತ್ರೆಯನ್ನು ಊಹಿಸಬಹುದೆಂದನು. ಹಿಂದೊಮ್ಮೆ ಹೊಲಸು ಬೆರೆತ ನೀರು ಈಗ ಶುದ್ಧವಾಗಿ ಕಂಡರೂ ಸಂಶಯಾಸ್ಪದವೆಂಬುದು ಆತನ ಮತವಾಗಿತ್ತು. ಆತನು ಸದಸ್ಯನಾಗಿದ್ದ ನದೀಮಾಲಿನ್ಯ ಆಯೋಗವು ೧೮೭೪ರಲ್ಲಿ ನೀರನ್ನು ಮೂರು ವರ್ಗಗಳಾಗಿ ವಿಂಗಡಿಸಿತು: ಚಿಲುಮೆ, ಆಳವಾದ ಬಾವಿ, ಬೆಟ್ಟದ ಮೇಲಿನ ನೀರು ಇವು ಆರೋಗ್ಯಕರ, ಶೇಖರಿಸಿದ ಮಳೆನೀರು, ಸಾಗುವಳಿಯ ಭೂಮಿಯಿಂದ ಹರಿದ ನೀರು ಇವು ಸಂದೇಹಾಸ್ಪದ, ಹೊಲಸು ಸೇರುವ ನದಿ, ಆಳವಿಲ್ಲದ ಬಾವಿ ಇವು ಅಪಾಯಕರ. ಈ ವಿಭಾಗವು ನೀರಿನ ಘಟಕಗಳನ್ನಲ್ಲದೆ ಅದರ ಉಗಮಸ್ಥಾನವನ್ನು ಅನುಸರಿಸಿರುವುದನ್ನು ಗಮನಿಸಬೇಕು.

೧೮೮೧ರಲ್ಲಿ ರಾಬರ್ಟ್ ಕಾಖ್ ಎಂಬ ಜರ್ಮನ್ ವೈದ್ಯನು ಜೆಲಟಿನ್ ಹಾಸಿನ ಮೇಲೆ ಸೂಕ್ಷ್ಮಜೀವಿಗಳನ್ನು ಬೆಳೆಸಿ ಎಣಿಸುವ ಕ್ರಮವನ್ನು ಪ್ರಕಟಿಸಿದನು. ೧೮೮೫ರಿಂದ ಲಂಡನ್ನಿನ ನೀರಿನ ಸೂಕ್ಷ್ಮಜೀವಿಗಳನ್ನು ಎಣಿಸುವ ಕೆಲಸವನ್ನು ಎಡ್ವರ್ಡನ ಮಗನಾದ ಪರ್ಸಿ ಫ್ರ್ಯಾಂಕ್‌ಲೆಂಡನು ಕೈಕೊಂಡನು. ಈ ಎಣಿಕೆಯ ಬೆಲೆಯು ೧೮೯೨ರಲ್ಲಿ ಹ್ಯಾಂಬರ್ಗ್ ಪಟ್ಟಣದಲ್ಲಿ ಲೋಕಕ್ಕೆಲ್ಲ ವಿದಿತವಾಯಿತು. ಎಲ್ಬ್ ನದಿಯ ನೀರನ್ನು ಸೋಸದೆ ಕುಡಿಯುತ್ತಿದ್ದ ಹ್ಯಾಂಬರ್ಗಿನಲ್ಲಿ ವಾಂತಿಭೇದಿಯಿಂದ ಎಂಟು ಸಾವಿರಕ್ಕೂ ಹೆಚ್ಚು ಜನರು ಸತ್ತರು. ಅದಕ್ಕೆ ಅಂಟಿಕೊಂಡಿದ್ದ ಆಲ್ಟೋನಾ ಪಟ್ಟಣವು ಅದೇ ನದಿಯ ಕೆಳಭಾಗದಲ್ಲಿ, ಹ್ಯಾಂಬರ್ಗಿನ ಹೊಲಸು ಸೇರಿದ ಮೇಲಿನ ನೀರನ್ನೆತ್ತುತ್ತಿತ್ತು. ಆದರೆ ಮರಳಿನಲ್ಲಿ ಸೋಸುತ್ತಿತ್ತು. ರೋಗವು ಅಲ್ಲಿ ಹರಡಲಿಲ್ಲ. ಎರಡು ಊರುಗಳ ಗಡಿಯ ಬೀದಿಯಲ್ಲಿ ಒಂದು ಮಗ್ಗುಲಿನಲ್ಲಿ ರೋಗ, ಇನ್ನೊಂದು ಮಗ್ಗುಲಿನಲ್ಲಿ ಆರೋಗ್ಯ. ಆದರೆ ಮುಂದಿನ ಚಳಿಗಾಲದಲ್ಲಿ ಆಲ್ಟೋನಾದಲ್ಲಿಯೂ ಸ್ವಲ್ಪ ರೋಗವು ಕಾಣಿಸಿತು. ಹಿಮದಿಂದ ಒಂದು ಹಾಸು ಕೆಟ್ಟಿದ್ದುದನ್ನು ಸೂಕ್ಷ್ಮಜೀವಿಗಳ ಎಣಿಕೆಯು ತೋರಿಸಿಕೊಟ್ಟಿತು. ಸೋಸಿದ ನೀರಿನ ಒಂದು ಘನ ಸೆಂಟಿಮೀಟರಿನಲ್ಲಿ ನೂರಕ್ಕಿಂತ ಹೆಚ್ಚು ಸೂಕ್ಷ್ಮಜೀವಿಗಳಿರಬಾರದು, ಪ್ರತಿಯೊಂದು ಹಾಸನ್ನೂ ಬೇರೆಬೇರೆಯಾಗಿ ದಿನದಿನವೂ ಪರೀಕ್ಷಿಸಬೇಕು ಎಂಬ ನಿಯಮವು ಹೀಗೆ ಹುಟ್ಟಿತು.

ಮೊತ್ತದ ಎಣಿಕೆಗಿಂತಲೂ ನಂಬತಕ್ಕ ಗುರುತು ಇನ್ನೊಂದು ದೊರೆಯಿತು. ಮನುಷ್ಯರ ಮತ್ತು ಪ್ರಾಣಿಗಳ ಕರುಳಿನಲ್ಲಿ ವಾಸಿಸುವ ಒಂದು ಜೀವಿಯನ್ನು ಎಶೆರಿಕ್ ಎಂಬ ವೈದ್ಯನು ೧೮೮೫ರಲ್ಲಿ ವರ್ಣಿಸಿದ್ದನು. ಆ ‘ಕೋಲೈ’ ಜೀವಿಯು ನೀರಿನಲ್ಲಿದ್ದರೆ ಮಲವು ಆ ನೀರನ್ನು ಮುಟ್ಟಿದೆಯೆಂದು ಅರ್ಥ. ಸ್ನೋವಿನ ಉಪ್ಪಿನಂತೆ ಇದೂ ಕೇಡಿನ ಸಂಗಾತಿಯೇ. ಶೋಧದೊಡನೆ ಪರಿಹಾರವೂ ಬಂದಿತು: ೧೯೦೫ರಲ್ಲಿ ಲಿಂಕನ್ ಪಟ್ಟಣದಲ್ಲಿ ವಿಷಮಶೀತಜ್ವರವು ಹರಡಿದಾಗ ಅಲೆಕ್ಸಾಂಡರ್ ಹ್ಯೂಸ್ಟನ್ ಎಂಬಾತನು ಜೊತೆಗಾರನೊಡನೆ ಸೇರಿ ಊರಿನ ನೀರಿಗೆ ಕ್ಲೋರಿನ್ನಿನ ಲವಣವನ್ನು ನಿರಂತರವಾಗಿ ಬೆರೆಸಿದನು. ಮುಂದೆ ಲಂಡನ್ ಜಲಮಂಡಲಿಯ ಪರೀಕ್ಷಾವಿಭಾಗಕ್ಕೆ ಮುಖ್ಯಸ್ಥನಾಗಿ ಆತನು ೧೯೧೬ರಲ್ಲಿ ಥೇಮ್ಸ್ ನೀರಿಗೂ ಇದನ್ನು ಪ್ರಯೋಗಿಸಿದನು.

ಪರೀಕ್ಷಕನ ದಿನಚರಿಯೂ ಇದಕ್ಕನುಗುಣವಾಗಿ ಬದಲಾಯಿತು. ಮೂಗಿನ ಸ್ಥಾನವನ್ನು ಸೀಸೆಯು ಆಕ್ರಮಿಸಿತು. ಸೀಸೆಯನ್ನು ಕಾಯಿಸಿ ಕ್ರಿಮಿರಹಿತ ಮಾಡಬೇಕು; ಕೊಳಾಯಿಯ ಬಾಯನ್ನು ಉರಿಯಿಂದ ಸುಡಬೇಕು; ಕೊಳವೆಯಲ್ಲಿ ನಿಂತ ನೀರು ಹರಿದುಹೋಗುವವರೆಗೆ ಕಾಯಬೇಕು; ಬಿರಟೆಯ ಒಳಮೈಯನ್ನು ಬೆರಳು ಸೋಕಬಾರದು; ತುಂಬಿದ ಸೀಸೆಯನ್ನು ಮಂಜುಗಡ್ಡೆಯಲ್ಲಿಟ್ಟು ಕೆಲವೇ ಗಂಟೆಗಳಲ್ಲಿ ಪ್ರಯೋಗಶಾಲೆಗೆ ಮುಟ್ಟಿಸಬೇಕು. ಸ್ಥಳ, ದಿನ, ಹೊತ್ತು ಇವುಗಳನ್ನು ಬರೆಯದ ಸೀಸೆಯು ಸಾಕ್ಷ್ಯಕ್ಕೆ ಬಾರದು. ಆದರೆ ಈ ಪರೀಕ್ಷೆಗೆ ಒಂದು ಸಹಜವಾದ ಕೊರತೆಯಿದೆ. ಜೀವಿಯು ಬೆಳೆದು ಕಾಣಿಸಿಕೊಳ್ಳಲು ಒಂದೆರಡು ದಿನಗಳು ಬೇಕು. ಅಷ್ಟರಲ್ಲಿ ಆ ನೀರನ್ನು ಊರು ಕುಡಿದಾಗಿರುತ್ತದೆ. ಸೀಸೆಯು ಹೇಳುವುದು ನಿನ್ನೆಯ ನೀರಿನ ಮಾತು. ನಾಳೆಯ ನೀರನ್ನು ಕಾಯಬೇಕಾದರೆ ಬಾವಿಯ ಬಳಿ ಇಂದು ಏನು ನಡೆಯುತ್ತಿದೆಯೆಂಬುದು ಪರೀಕ್ಷಕನಿಗೆ ತಿಳಿದಿರಬೇಕು.

೬

ಈ ಮಾತಿನ ಸತ್ಯತೆಯು ೧೯೩೭ರಲ್ಲಿ ಲಂಡನ್ನಿನ ದಕ್ಷಿಣದ ಕ್ರಾಯ್ಡನ್ನಿನಲ್ಲಿ ಪ್ರಮಾಣಿತವಾಯಿತು. ಆ ವೇಳೆಗೆ ಎಲ್ಲ ಸಾಧನಗಳೂ ಸಿದ್ಧವಾಗಿದ್ದುವು. ನೀರಿನ ಸೂಕ್ಷ್ಮಜೀವಿಪರೀಕ್ಷೆಯ ವಿಧಾನವನ್ನು ಇಂಗ್ಲೆಂಡಿನ ಆರೋಗ್ಯ ಸಚಿವಶಾಖೆಯು ೧೯೩೪ರಲ್ಲಿ ಅಚ್ಚುಮಾಡಿಸಿತ್ತು. ಕ್ರಾಯ್ಡನ್ ನಗರಸಭೆಗೆ ಆರೋಗ್ಯಾಧಿಕಾರಿಯಿದ್ದನು, ಎಂಜಿನಿಯರನಿದ್ದನು, ಸೋಸುವ ಯಂತ್ರವಿತ್ತು, ಕ್ಲೋರಿನ್ ಬೆರೆಸುವ ಸಲಕರಣೆಯಿತ್ತು. ಆಡಿಂಗ್‌ಟನ್ ಎಂಬಲ್ಲಿದ್ದ ಆಳವಾದ ಬಾವಿಯು, ೧೮೭೪ರ ವಿಭಾಗದಂತೆ, ಆರೋಗ್ಯಕರ ವರ್ಗಕ್ಕೇ ಸೇರಿದುದು.

ಆ ಶರತ್ಕಾಲದಲ್ಲಿ ಬಾವಿಯೊಳಗೆ ದುರಸ್ತಿಯ ಕೆಲಸವು ನಡೆಯುತ್ತಿತ್ತು. ಇಳಿದ ಕೆಲಸಗಾರರಲ್ಲಿ ಒಬ್ಬನು ಹಿಂದೆ ವಿಷಮಶೀತಜ್ವರದಿಂದ ನರಳಿ ಗುಣವಾದವನು. ಆದರೆ ರೋಗದ ಬೀಜವು ಆತನ ದೇಹದಲ್ಲಿ ಉಳಿದಿತ್ತು. ಅದು ಆತನಿಗೂ ತಿಳಿಯದು. ಅದೇ ಕಾಲದಲ್ಲಿ ಬಾವಿಯ ನೀರು ಸೋಸದೆಯೂ ಕ್ಲೋರಿನ್ ಬೆರೆಸದೆಯೂ ಊರಿಗೆ ಹರಿಯಿತು. ಬಾವಿಯೊಳಗೆ ಜನರು ಕೆಲಸ ಮಾಡುತ್ತಿರುವರೆಂಬುದನ್ನು ಆರೋಗ್ಯಾಧಿಕಾರಿಗೆ ಯಾರೂ ತಿಳಿಸಿರಲಿಲ್ಲ. ೪೩ ಮಂದಿ ಸತ್ತರು. ಬಹಿರಂಗ ವಿಚಾರಣೆಯು ನಡೆದು, ಹೊಣೆಯುಳ್ಳ ಅಧಿಕಾರಿಗಳಲ್ಲಿ ಪರಸ್ಪರ ತಿಳಿವಳಿಕೆಯೂ ಸಮಾಚಾರವಿನಿಮಯವೂ ಇಲ್ಲದಿದ್ದುದು ಹೊರಬಿದ್ದಿತು. ೧೯೩೮ರಲ್ಲಿ ನ್ಯಾಯಸ್ಥಾನವು ನಗರಸಭೆಯನ್ನು ಹೊಣೆಗಾರನೆಂದು ತೀರ್ಪಿತ್ತಿತು.

೧೮೫೪ಕ್ಕೂ ೧೯೩೭ಕ್ಕೂ ಇರುವ ಅಂತರವನ್ನು ಇಲ್ಲಿ ಪರ್ಯಾಲೋಚಿಸಬೇಕು. ಬ್ರಾಡ್ ಸ್ಟ್ರೀಟಿನಲ್ಲಿ ತಿಳಿದವನಿಗೆ ಅಧಿಕಾರವಿರಲಿಲ್ಲ. ಆದರೂ ಆತನು ಮಂಡಲಿಯ ಬಾಗಿಲನ್ನು ತಟ್ಟಿದನು, ಮಂಡಲಿಯು ಕೇಳಿತು. ಕ್ರಾಯ್ಡನ್ನಿನಲ್ಲಿ ಅಧಿಕಾರವಿದ್ದವನಿಗೆ ತಿಳಿಯಲಿಲ್ಲ. ಒಂದೇ ಕಚೇರಿಯ ಎರಡು ಕೊಠಡಿಗಳ ನಡುವಣ ದೂರವು ಬಾವಿಗೂ ಕಕ್ಕಸುಗುಂಡಿಗೂ ನಡುವಣ ಮೂರಡಿಗಿಂತ ಹೆಚ್ಚು ಘಾತುಕವಾದುದು.

೭

ಕನ್ನಡನಾಡಿನಲ್ಲಿ ಬೆಂಗಳೂರು ನಗರಕ್ಕೆ ಹೆಸರಘಟ್ಟದಿಂದ ಕೊಳವೆಯ ನೀರು ಬಂದುದು ೧೮೯೬ರಲ್ಲಿ. ಅದುವರೆಗೆ ಕೆರೆಗಳೂ ಬಾವಿಗಳೂ ಊರಿಗೆ ಆಧಾರವಾಗಿದ್ದುವು. ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವು ಸಿದ್ಧವಾಯಿತು. ೧೯೭೪ರಲ್ಲಿ ಕಾವೇರಿಯ ನೀರು ಬಂದಿತು. ಬಿಸಿಲಿನ ದೇಶದ ನೀರಿಗೆ ಐರೋಪ್ಯ ಅಳತೆಗಳನ್ನು ಹಾಗೆಯೇ ಅನ್ವಯಿಸಲಾಗದೆಂಬುದನ್ನು ಕ್ಲೆಮೆಶಾ ಎಂಬಾತನು ೧೯೧೨ರಲ್ಲಿಯೇ ಪ್ರತಿಪಾದಿಸಿದ್ದನು. ಕ್ರಾಯ್ಡನ್ನಿನ ವಿಪತ್ತು ನಡೆದ ೧೯೩೭ರಲ್ಲಿಯೇ ಮದರಾಸು ಪ್ರಾಂತದ ನೆಲ್ಲೂರು ಸೀಮೆಯಲ್ಲಿ ಜನರ ಬೆನ್ನು ಬಾಗಿಸುವ ಒಂದು ವ್ಯಾಧಿಗೆ ಬಾವಿನೀರಿನ ಫ್ಲೋರೈಡೇ ಕಾರಣವೆಂದು ಷಾರ್ಟ್ ಮತ್ತು ಆತನ ಜೊತೆಗಾರರು ಪ್ರಕಟಿಸಿದರು. ಕೋಲಾರ, ಪಾವಗಡ ಮುಂತಾದ ಕಡೆಗಳ ಕೊಳವೆಬಾವಿಗಳಲ್ಲಿಯೂ ಇದೇ ಕೇಡಿದೆ. ಈ ನೀರು ತಿಳಿಯಾದುದು, ಸೂಕ್ಷ್ಮಜೀವಿಯಿಲ್ಲದುದು. ಕುದಿಸಿದರೂ ಇದರ ದೋಷವು ಹೋಗದು. ಆದುದರಿಂದ ಪರೀಕ್ಷಕನ ಮೊದಲನೆಯ ಪ್ರಶ್ನೆಯು ಮುಗಿದುಹೋದುದಲ್ಲ. ಕೇಡು ಹೊಸ ವೇಷದಲ್ಲಿ ಬಂದಾಗಲೆಲ್ಲ ಹೊಸ ಗುರುತನ್ನು ಹುಡುಕಬೇಕಾಗುತ್ತದೆ.

ಕುಡಿಯುವ ನೀರಿನ ನೂರು ಮಿಲಿಲೀಟರಿನಲ್ಲಿ ಒಂದು ಕೋಲೈ ಜೀವಿಯೂ ಇರಕೂಡದೆಂದು ಭಾರತದ ಮಾನಕವು ವಿಧಿಸುತ್ತದೆ. ೨೦೧೯ರಲ್ಲಿ ಪ್ರಾರಂಭವಾದ ಜಲಜೀವನ ಯೋಜನೆಯು ಹಳ್ಳಿಗೆ ಐದು ಮಂದಿಯಂತೆ, ಬಹುಮಟ್ಟಿಗೆ ಹೆಂಗಸರನ್ನೇ ಆರಿಸಿ, ನೀರಿನ ಪರೀಕ್ಷೆಯನ್ನು ಕಲಿಸುವ ಏರ್ಪಾಡನ್ನು ಮಾಡಿತು. ಬೇಳೆ ಬೇಯುವುದೆ ಎಂದು ನೋಡುತ್ತಿದ್ದ ಕೈಗೆ ಹೀಗೆ ಪರೀಕ್ಷೆಯ ಪೆಟ್ಟಿಗೆಯು ಬಂದಿದೆ. ಹಿಂದೆ ತೂಬನ್ನು ಎತ್ತುತ್ತಿದ್ದ ನೀರುಗಂಟಿಯು ಇಂದು ಅನೇಕ ಪಂಚಾಯಿತಿಗಳಲ್ಲಿ ಕೊಳಾಯಿಯ ನೀರನ್ನು ಬಿಡುವವನಾಗಿದ್ದಾನೆ. ಪೆಟ್ಟಿಗೆಯಲ್ಲಿ ಕಂಡ ಬಣ್ಣವನ್ನು ಆತನಿಗೂ ಪಂಚಾಯಿತಿಗೂ ಅದೇ ದಿನ ತಿಳಿಸುವ ದಾರಿಯಿದ್ದರೆ, ತಿಳಿಸಿದ ಮೇಲೆ ನೀರನ್ನು ನಿಲ್ಲಿಸಿ ಬೇರೆ ನೀರನ್ನು ಕೊಡುವ ಹೊಣೆಯು ಒಬ್ಬರ ಮೇಲಿದ್ದರೆ, ಆ ಪರೀಕ್ಷೆಯು ಸಾರ್ಥಕವಾದುದು. ಇಲ್ಲವಾದರೆ ಅದು ಪುಸ್ತಕದಲ್ಲಿ ಬರೆದಿಟ್ಟ ಅಂಕಿಯಾಗಿ ಉಳಿಯುವುದೆಂಬುದಕ್ಕೆ ಕ್ರಾಯ್ಡನ್ನಿನ ಬಾವಿಯೇ ಸಾಕ್ಷಿಯಾಗಿದೆ.